ಹಿಮದಂಗಳದ ಆಟಕ್ಕೆ ದೇಹದ ಸಿದ್ಧತೆ

ಕಳೆದ ತಿಂಗಳು ಶ್ರೀಮಠದ ದಾಸೋಹದಲ್ಲಿ ಪ್ರಸಾದ ಮುಗಿಸಿ ಹೊರಬರುತ್ತಿದ್ದಾಗ ವೃದ್ಧ ತಾಯಿಯೊಬ್ಬರು ನನ್ನನ್ನು ತಡೆದು ನಿಲ್ಲಿಸಿ ಕೇಳಿದರು: "ಡಾಕ್ಟರ್ರೇ, ನಮ್ಮ ಮೊಮ್ಮಗ ಕೆನಡಾದಾಗ ಅದಾನ್ರಿ. ಬರ್ಫದ ಮ್ಯಾಲೆ ಆಟ ಆಡ್ತಾನಂತ. ಬ್ಯಾಡ ಅನ್ನಲ್ಯೋ, ಆಡ್ಲಿ ಅನ್ನಲ್ಯೋ?" ಆ ಪ್ರಶ್ನೆಯಲ್ಲಿ ಅಕ್ಕರೆಯೂ ಇತ್ತು, ಅಂಜಿಕೆಯೂ ಇತ್ತು. "ಆಡಲಿ ತಾಯಿ, ಆದರೆ ಸಿದ್ಧನಾಗಿ ಆಡಲಿ" ಎಂದಷ್ಟೇ ಅಂದು ಹೇಳಿದೆ. ಆ ಸಿದ್ಧತೆ ಎಂದರೆ ಏನೆಂಬುದನ್ನು ನಿಂತ ನಿಲುವಿನಲ್ಲಿ ವಿವರಿಸಲಾಗಲಿಲ್ಲ. ಇಂದು ನಮ್ಮ ಭಕ್ತಕುಟುಂಬಗಳ ಅನೇಕ ಮಕ್ಕಳು ಓದು ಮತ್ತು ಉದ್ಯೋಗಗಳ ನಿಮಿತ್ತ ಶೀತದೇಶಗಳಲ್ಲಿದ್ದಾರೆ. ಕೆಲವರು ಸೈನ್ಯದಲ್ಲಿದ್ದು ಹಿಮಾಲಯದ ತಪ್ಪಲಲ್ಲಿದ್ದಾರೆ. ಆದುದರಿಂದ ಆ ತಾಯಿಗೆ ಕೊಡಬೇಕಾಗಿದ್ದ ಪೂರ್ಣ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಲೇಹ್‌ನ ಹಿಮದಂಗಳ

ಹೆಪ್ಪುಗಟ್ಟುವ ಚಳಿಯಲ್ಲಿ ಬಯಲಿನಲ್ಲಿ ತಂಡವಾಗಿ ಆಡುವ ಆಟವನ್ನು ನೋಡಲು ನಾವು ಕೆನಡಾದವರೆಗೆ ಹೋಗಬೇಕಾಗಿಲ್ಲ. ನಮ್ಮ ದೇಶದ ಲಡಾಖ್‌ನಲ್ಲಿಯೇ ಅದು ನಡೆಯುತ್ತದೆ. ಲೇಹ್ ಪಟ್ಟಣವು ಸಮುದ್ರಮಟ್ಟದಿಂದ ಸುಮಾರು 3500 ಮೀಟರ್ ಎತ್ತರದಲ್ಲಿದೆ. ನಮ್ಮ ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ 2000 ಮೀಟರಿಗೂ ಕಡಿಮೆ ಎಂಬುದನ್ನು ನೆನೆದರೆ ಆ ಎತ್ತರದ ಅಂದಾಜು ಸಿಗುತ್ತದೆ. ಜನವರಿಯ ರಾತ್ರಿಗಳಲ್ಲಿ ಅಲ್ಲಿನ ಉಷ್ಣತೆ ಮೈನಸ್ 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. ಕೆರೆಕುಂಟೆಗಳು ಕಲ್ಲಿನಂತೆ ಗಟ್ಟಿಯಾಗುತ್ತವೆ. ರಾತ್ರಿಯ ಹೊತ್ತು ಅಂಗಳದ ಮೇಲೆ ನೀರು ಹರಿಸಿ, ಅದು ಹೆಪ್ಪುಗಟ್ಟಿ ನಯವಾದ ಮೇಲೆ ಅಲ್ಲಿನ ಯುವಕ ಯುವತಿಯರು ಐಸ್ ಹಾಕಿ ಆಡುತ್ತಾರೆ. ಲೇಹ್‌ನ ಕರ್ಜೂ ಎಂಬ ಕೆರೆಯಂಗಳ ಈ ಆಟಕ್ಕೆ ಹೆಸರಾದುದು. 2024ರ ಫೆಬ್ರವರಿಯಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಐಸ್ ಹಾಕಿ ಸ್ಪರ್ಧೆಗಳು ಲೇಹ್‌ನಲ್ಲಿಯೇ ನಡೆದವು. ಇಂತಹ ಅಂಗಳಗಳಲ್ಲಿ ಬೆಳೆದ ಲಡಾಖ್‌ನ ಹೆಣ್ಣುಮಕ್ಕಳೇ ಹೆಚ್ಚಾಗಿದ್ದ ಭಾರತದ ಮಹಿಳಾ ತಂಡವು 2017ರಲ್ಲಿ ಬ್ಯಾಂಕಾಕ್‌ನಲ್ಲಿ ಫಿಲಿಪ್ಪೀನ್ಸ್ ತಂಡವನ್ನು 4–3ರಿಂದ ಸೋಲಿಸಿ ತನ್ನ ಮೊದಲ ಅಂತರರಾಷ್ಟ್ರೀಯ ಗೆಲುವನ್ನು ಪಡೆಯಿತು.

ಚಳಿಯಲ್ಲಿ ಆಡುವುದು ಅಸಾಧ್ಯವೂ ಅಲ್ಲ, ಅನಾರೋಗ್ಯಕರವೂ ಅಲ್ಲ ಎಂಬುದಕ್ಕೆ ಈ ಮಕ್ಕಳೇ ಸಾಕ್ಷಿ. ಆದರೆ ಅವರು ಚಳಿಯನ್ನು ಗೆದ್ದವರಲ್ಲ, ಅದರ ನಡತೆಯನ್ನು ಅರಿತವರು. ಆ ಅರಿವೇ ನಮಗೂ ಬೇಕಾದದ್ದು.

ಚಳಿಯಲ್ಲಿ ದೇಹವು ಮಾಡುವ ಲೆಕ್ಕ

ನಮ್ಮ ದೇಹದ ಒಳಭಾಗದ ಉಷ್ಣತೆ ಸುಮಾರು 37 ಡಿಗ್ರಿ. ಹೃದಯ, ಮಿದುಳು, ಯಕೃತ್ತು ಮೊದಲಾದ ಅಂಗಗಳು ಈ ಉಷ್ಣತೆಯಲ್ಲಿಯೇ ಸರಿಯಾಗಿ ಕೆಲಸಮಾಡುತ್ತವೆ. ಹೊರಗೆ ಚಳಿ ಹೆಚ್ಚಾದಾಗ ದೇಹವು ಚರ್ಮದ ರಕ್ತನಾಳಗಳನ್ನು ಸಂಕುಚಿತಗೊಳಿಸಿ ಬಿಸಿರಕ್ತವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನೀರು ಕಡಿಮೆಯಾದಾಗ ರೈತನು ಬದುವಿನಂಚಿನ ಸಾಲುಗಳನ್ನು ಬಿಟ್ಟು ನಡುಹೊಲದ ಬೆಳೆಗೆ ನೀರು ಹಾಯಿಸುವಂತೆ, ದೇಹವು ಬೆರಳು, ಕಿವಿ, ಮೂಗು, ಕೆನ್ನೆಗಳನ್ನು ಬಿಟ್ಟುಕೊಟ್ಟು ಪ್ರಾಣಾಂಗಗಳನ್ನು ಕಾಯುತ್ತದೆ. ಚಳಿಯ ಪೆಟ್ಟು ಮೊದಲು ಬೀಳುವುದು ಈ ಅಂಚಿನ ಅಂಗಗಳ ಮೇಲೆಯೇ ಏಕೆಂಬುದು ಇದರಿಂದ ತಿಳಿಯುತ್ತದೆ.

ಇನ್ನೊಂದು ಕಡೆ, ಆಟವಾಡುವಾಗ ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಶಾಖವಾಗಿಯೇ ಹೊರಬರುತ್ತದೆ. ಆದುದರಿಂದ ಓಡುತ್ತಿರುವ ಆಟಗಾರನಿಗೆ ಮೈನಸ್ 10 ಡಿಗ್ರಿಯಲ್ಲಿಯೂ ಬೆವರು ಬರುತ್ತದೆ. ಅಪಾಯವಿರುವುದು ಓಟದಲ್ಲಿ ಅಲ್ಲ, ಓಟ ನಿಂತ ಮೇಲೆ. ಐಸ್ ಹಾಕಿಯಲ್ಲಿ ಒಬ್ಬ ಆಟಗಾರ ಸುಮಾರು ಒಂದು ನಿಮಿಷದಷ್ಟು ಕಾಲ ಸರ್ವಶಕ್ತಿಯಿಂದ ಆಡಿ, ಹೊರಬಂದು ಬೆಂಚಿನ ಮೇಲೆ ಕುಳಿತು, ತನ್ನ ಸರದಿ ಬಂದಾಗ ಮತ್ತೆ ಒಳಗೆ ಇಳಿಯುತ್ತಾನೆ. ಅವನ ಒಳಬಟ್ಟೆ ಬೆವರಿನಿಂದ ನೆನೆದಿರುತ್ತದೆ, ಸ್ನಾಯುಗಳ ಶಾಖ ಇಳಿಯುತ್ತಿರುತ್ತದೆ, ಗಾಳಿ ಬೀಸುತ್ತಿರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ದೇಹದ ಶಾಖವನ್ನು ಹೀರಿಕೊಳ್ಳುತ್ತದೆ. ಒದ್ದೆ ಬಟ್ಟೆ ತೊಟ್ಟು ಕುಳಿತ ಐದು ನಿಮಿಷ, ಒಣಬಟ್ಟೆಯಲ್ಲಿ ಆಡಿದ ಅರ್ಧ ಗಂಟೆಗಿಂತ ಹಾನಿಕರವಾಗಬಹುದು. ಬದಲಿ ಆಟಗಾರರಿಗೂ, ನಿಂತಲ್ಲಿಯೇ ನಿಲ್ಲುವ ಗೋಲ್‌ಕೀಪರನಿಗೂ, ಅಂಚಿನಲ್ಲಿ ನಿಂತು ನೋಡುವ ತಾಯಿತಂದೆಗಳಿಗೂ ಆಡುವವನಿಗಿಂತ ಹೆಚ್ಚಿನ ಎಚ್ಚರ ಬೇಕು.

ಗಾಳಿಯ ಲೆಕ್ಕ

ಉಷ್ಣಮಾಪಕವು ತೋರಿಸುವ ಅಂಕಿಯಷ್ಟನ್ನೇ ನಂಬಬಾರದು. ನಮ್ಮ ಚರ್ಮದ ಸುತ್ತ ದೇಹವೇ ಬಿಸಿಮಾಡಿದ ಗಾಳಿಯ ತೆಳುವಾದ ಹೊದಿಕೆಯೊಂದು ಇರುತ್ತದೆ. ಗಾಳಿ ಬೀಸಿದರೆ ಆ ಹೊದಿಕೆ ಹಾರಿಹೋಗುತ್ತದೆ. ಶೀತದೇಶಗಳ ಹವಾಮಾನ ವರದಿಗಳಲ್ಲಿ 'ವಿಂಡ್ ಚಿಲ್' ಎಂದು ಹೇಳುವುದು ಇದನ್ನೇ. ಉಷ್ಣತೆ ಮೈನಸ್ 10 ಡಿಗ್ರಿ ಇದ್ದು, ಗಾಳಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 20ರಂತೆ ತಗಲುತ್ತದೆ. ಮೈನಸ್ 20 ಇದ್ದರೆ ಅದೇ ಗಾಳಿಯಲ್ಲಿ ಮೈನಸ್ 33ರಂತೆ. ಈ ಅಂಕಿ ಮೈನಸ್ 28ನ್ನು ದಾಟಿದರೆ ತೆರೆದ ಚರ್ಮವು 10ರಿಂದ 30 ನಿಮಿಷಗಳಲ್ಲಿ ಹೆಪ್ಪುಗಟ್ಟಬಹುದು. ಗಾಳಿಯೇ ಇಲ್ಲದ ದಿನವೂ, ಹಿಮದ ಮೇಲೆ ವೇಗವಾಗಿ ಜಾರುವ ಆಟಗಾರನು ತನ್ನ ಮುಖಕ್ಕೆ ತಾನೇ ಗಾಳಿಯನ್ನು ಸೃಷ್ಟಿಸಿಕೊಳ್ಳುತ್ತಾನೆ ಎಂಬುದನ್ನು ಮರೆಯಬಾರದು. ಆಟದ ದಿನ ಬೆಳಿಗ್ಗೆ ಉಷ್ಣತೆ ಮತ್ತು ವಿಂಡ್ ಚಿಲ್ ಎರಡನ್ನೂ ನೋಡಿ, ಅಂದು ಆಡುವುದೋ ಬಿಡುವುದೋ ಎಂಬುದನ್ನು ಹಿರಿಯರು ನಿರ್ಧರಿಸಬೇಕು. ಆಡುವ ಹುರುಪಿನಲ್ಲಿರುವ ಮಗುವಿನ ಮೇಲೆ ಆ ನಿರ್ಧಾರದ ಭಾರವನ್ನು ಹೊರಿಸಬಾರದು.

ಕೆರೆಯ ಮೇಲೆ ಆಡುವುದಾದರೆ ಹಿಮದ ದಪ್ಪವನ್ನೂ ವಿಚಾರಿಸಬೇಕು. ಗುಂಪಾಗಿ ಆಡಲು ಕನಿಷ್ಠ 20 ಸೆಂಟಿಮೀಟರ್ ದಪ್ಪವಿರಬೇಕೆಂಬುದು ಕೆನಡಾದ ರೆಡ್‌ಕ್ರಾಸ್ ಸಂಸ್ಥೆಯ ಸೂಚನೆ. ಸ್ಥಳೀಯ ಆಡಳಿತವು ಪರೀಕ್ಷಿಸಿ ಅನುಮತಿ ನೀಡದ ಕೆರೆಗೆ ಇಳಿಯದಿರುವುದೇ ಕ್ಷೇಮ.

ಮೂರು ಪದರಗಳ ಉಡುಪು

ದಪ್ಪನೆಯ ಒಂದೇ ಕೋಟಿಗಿಂತ ತೆಳುವಾದ ಮೂರು ಪದರಗಳು ಉತ್ತಮ. ಪದರಗಳ ನಡುವೆ ನಿಂತ ಗಾಳಿಯೇ ನಿಜವಾದ ರಕ್ಷಣೆ. ಮೈಗೆ ತಗಲುವ ಮೊದಲ ಪದರವು ಬೆವರನ್ನು ಹೊರಗೆ ಸಾಗಿಸುವಂತಹ ಪಾಲಿಯೆಸ್ಟರ್ ಅಥವಾ ತೆಳು ಉಣ್ಣೆಯದಾಗಿರಬೇಕು. ಎರಡನೆಯದು ಶಾಖವನ್ನು ಹಿಡಿದಿಡುವ ಉಣ್ಣೆಯ ಇಲ್ಲವೇ ಫ್ಲೀಸ್ ಬಟ್ಟೆ. ಮೂರನೆಯದು ಗಾಳಿಯನ್ನು ತಡೆಯುವ ಹೊರ ಅಂಗಿ.

ಇಲ್ಲಿ ನಮ್ಮವರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ಒಳಗೆ ಹತ್ತಿಯ ಬನಿಯನ್ ತೊಡುವುದು. ನಮ್ಮ ನಾಡಿನ ಸೆಕೆಗೆ ಹತ್ತಿಯಷ್ಟು ಹಿತವಾದ ಬಟ್ಟೆ ಬೇರೊಂದಿಲ್ಲ. ಅದು ಬೆವರನ್ನು ಹೀರಿ ಮೈಯನ್ನು ತಂಪಾಗಿಡುತ್ತದೆ. ಅದೇ ಗುಣವು ಹಿಮದಲ್ಲಿ ದೋಷವಾಗುತ್ತದೆ. ಉಣ್ಣೆಯ ಗುಣ ಬೇರೆ. ಮಳೆಯಲ್ಲಿ ನೆನೆದ ಕರಿಕಂಬಳಿಯನ್ನು ಹೊದ್ದೂ ನಮ್ಮ ಕುರಿಗಾಹಿಗಳು ರಾತ್ರಿಯಿಡೀ ಹಟ್ಟಿ ಕಾಯುವುದನ್ನು ನಾವು ಕಂಡಿದ್ದೇವೆ. ಒದ್ದೆಯಾದಾಗಲೂ ಉಣ್ಣೆಯು ತನ್ನ ಎಳೆಗಳ ನಡುವಿನ ಗಾಳಿಯನ್ನು ಒಂದಿಷ್ಟು ಉಳಿಸಿಕೊಳ್ಳುತ್ತದೆ.

ಕಾಲುಚೀಲದ ವಿಷಯದಲ್ಲಿ ಹೆಚ್ಚು ಎಂಬುದು ಒಳ್ಳೆಯದಲ್ಲ. ಬಿಗಿಯಾದ ಬೂಟಿನಲ್ಲಿ ಎರಡು ಮೂರು ಕಾಲುಚೀಲಗಳನ್ನು ತುರುಕಿದರೆ ರಕ್ತಸಂಚಾರ ತಗ್ಗಿ ಪಾದವು ಇನ್ನೂ ತಣ್ಣಗಾಗುತ್ತದೆ. ಉಣ್ಣೆಯ ಒಂದೇ ಕಾಲುಚೀಲ, ಬೆರಳುಗಳು ಆಡುವಷ್ಟು ಸಡಿಲವಾದ ಬೂಟು ಸಾಕು. ಬೆಂಚಿನ ಮೇಲೆ ಕುಳಿತಾಗ ನಾಲ್ಕು ಬೆರಳೂ ಒಟ್ಟಿಗಿರುವ ಕೈಚೀಲ, ಬೆರಳು ಬೇರೆಬೇರೆಯಾಗಿರುವ ಕೈಚೀಲಕ್ಕಿಂತ ಬೆಚ್ಚಗಿರುತ್ತದೆ. ದೇಹದ ಶಾಖದಲ್ಲಿ ಅರ್ಧದಷ್ಟು ತಲೆಯಿಂದಲೇ ಹೋಗುತ್ತದೆಂಬ ಮಾತು ಪ್ರಚಾರದಲ್ಲಿದೆ, ಅದು ನಿಜವಲ್ಲ. ಆದರೂ ಕಿವಿಗಳನ್ನು ಮುಚ್ಚುವ ಟೋಪಿ ಅಗತ್ಯ. ಶಿರಸ್ತ್ರಾಣ ಧರಿಸುವ ಆಟವಾದರೆ ಅದರೊಳಗೆ ಹಿಡಿಯುವಂತಹ ತೆಳು ಟೋಪಿ ಇರಲಿ.

ಲೋಹದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. 1967ರ ಡಿಸೆಂಬರ್ 31ರಂದು ಅಮೆರಿಕದ ಗ್ರೀನ್ ಬೇ ನಗರದಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಪ್ರಸಿದ್ಧ ಪಂದ್ಯವೊಂದು ಸುಮಾರು ಮೈನಸ್ 25 ಡಿಗ್ರಿ ಚಳಿಯಲ್ಲಿ ನಡೆಯಿತು. ಆಟದ ಆರಂಭದಲ್ಲಿಯೇ ತೀರ್ಪುಗಾರರೊಬ್ಬರ ತುಟಿಗೆ ಲೋಹದ ಸೀಟಿ ಅಂಟಿಕೊಂಡು, ಅದನ್ನು ಕೀಳುವಾಗ ತುಟಿಯ ಚರ್ಮವೇ ಕಿತ್ತುಬಂದಿತು. ಅಂದು ತೀರ್ಪುಗಾರರು ಸೀಟಿಯನ್ನು ಬಿಟ್ಟು ಕೂಗಿಯೇ ಆಟ ನಡೆಸಬೇಕಾಯಿತು. ಲೋಹವು ಶಾಖವನ್ನು ಥಟ್ಟನೆ ಎಳೆದುಕೊಳ್ಳುತ್ತದೆ ಎಂಬುದಕ್ಕೆ ಇದು ನಿದರ್ಶನ. ಆಟಕ್ಕೆ ಮುನ್ನ ಓಲೆ, ಬಳೆ, ಉಂಗುರಗಳನ್ನು ತೆಗೆದಿಡಬೇಕು. ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿ ಧರಿಸುವವರು ಆಟದ ಹೊತ್ತಿನಲ್ಲಿ ಬಟ್ಟೆಯ ಲಿಂಗವಸ್ತ್ರದಲ್ಲಿ ಕಟ್ಟಿ, ಒಳ ಅಂಗಿಯ ಮೇಲೆ, ಎರಡನೆಯ ಪದರದ ಕೆಳಗೆ ಭದ್ರಪಡಿಸಿಕೊಳ್ಳುವುದು ಒಳ್ಳೆಯದು. ಬಿದ್ದಾಗ ಎದೆಗೆ ಪೆಟ್ಟಾಗುವ ಭಯವೂ ಇದರಿಂದ ತಪ್ಪುತ್ತದೆ.

ಮೈ ಕಾಯಿಸಿಕೊಳ್ಳುವ ಕ್ರಮ

ತಣ್ಣಗಾದ ಸ್ನಾಯು ಬಿಗಿಯಾಗಿರುತ್ತದೆ, ತಣ್ಣಗಾದ ನರದಲ್ಲಿ ಸಂದೇಶ ನಿಧಾನವಾಗಿ ಹರಿಯುತ್ತದೆ. ಆದುದರಿಂದ ಚಳಿಯಲ್ಲಿ ಮೈ ಕಾಯಿಸದೆ ಆಟಕ್ಕಿಳಿದರೆ ಸ್ನಾಯು ಹರಿಯುವ, ಕೀಲು ಉಳುಕುವ ಸಂಭವ ಹೆಚ್ಚು. ಸಾಧ್ಯವಾದಷ್ಟು ಒಳಾಂಗಣದಲ್ಲಿಯೇ 15ರಿಂದ 20 ನಿಮಿಷಗಳ ಕಾಲ ಸಿದ್ಧವಾಗಬೇಕು. ಮೊದಲು ನಡಿಗೆ, ಬಳಿಕ ನಿಧಾನದ ಓಟ, ಅನಂತರ ಮಂಡಿ ಎತ್ತುವುದು, ತೋಳು ಬೀಸುವುದು, ಸೊಂಟ ತಿರುಗಿಸುವುದು ಹೀಗೆ ಚಲನೆಯುಳ್ಳ ವ್ಯಾಯಾಮಗಳು. ತಣ್ಣನೆಯ ಸ್ನಾಯುವನ್ನು ಒಮ್ಮೆಲೇ ಎಳೆದು ಹಿಡಿಯುವ ಆಸನಗಳನ್ನು ಆಟ ಮುಗಿದ ಮೇಲೆ ಮಾಡಬಹುದು. ಮೈ ಕಾದ ಬಳಿಕ ಆಟ ಆರಂಭವಾಗುವವರೆಗೂ ಹೊರ ಅಂಗಿಯನ್ನು ತೆಗೆಯಬಾರದು.

ಲೇಹ್‌ನಂತಹ ಎತ್ತರದ ಊರಿಗೆ ಹೋದವರಿಗೆ ಇನ್ನೊಂದು ನಿಯಮವಿದೆ. ಅಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದ ಮೂರನೆಯ ಎರಡು ಪಾಲಿನಷ್ಟೇ ಇರುವುದರಿಂದ ಪ್ರತಿ ಉಸಿರಿಗೂ ದೊರೆಯುವ ಆಮ್ಲಜನಕ ಕಡಿಮೆ. ವಿಮಾನದಲ್ಲಿ ಹೋಗಿ ಇಳಿದವರು ಮೊದಲ 48 ಗಂಟೆಗಳ ಕಾಲ ಕಡ್ಡಾಯವಾಗಿ ವಿಶ್ರಾಂತಿ ಪಡೆಯಬೇಕು. ತಲೆನೋವು, ವಾಕರಿಕೆ, ನಿದ್ರಾಹೀನತೆ ಕಂಡುಬಂದರೆ ಆಟದ ಮಾತನ್ನೇ ಬಿಟ್ಟು ವೈದ್ಯರನ್ನು ಕಾಣಬೇಕು. ಹಿಮದ ಮೇಲೆ ಪ್ರತಿಫಲಿಸುವ ಬಿಸಿಲಿನಿಂದ ಕಣ್ಣು ಮತ್ತು ಚರ್ಮ ಸುಡುವುದರಿಂದ ತಂಪುಕನ್ನಡಕವೂ ಬೇಕು.

ಉಸಿರಾಟದ ಬಗೆಗೂ ಒಂದು ಮಾತು. ತಣ್ಣನೆಯ ಗಾಳಿ ಒಣಗಿದ ಗಾಳಿಯೂ ಹೌದು. ಓಡುವಾಗ ಬಾಯಿಯಿಂದ ಅದನ್ನು ರಭಸವಾಗಿ ಎಳೆದುಕೊಂಡರೆ ಶ್ವಾಸನಾಳಗಳು ಒಣಗಿ ಬಿಗಿಯುತ್ತವೆ. ಉಬ್ಬಸವಿರುವ ಮಕ್ಕಳಿಗೆ ಇದು ಬೇಗ ಕಾಡುತ್ತದೆ. ತೆಳುವಾದ ಉಣ್ಣೆಯ ವಸ್ತ್ರವನ್ನು ಮೂಗು ಬಾಯಿಗೆ ಅಡ್ಡಲಾಗಿ ಕಟ್ಟಿಕೊಂಡರೆ ಒಳಹೋಗುವ ಗಾಳಿ ತುಸು ಬೆಚ್ಚಗಾಗುತ್ತದೆ. ವೈದ್ಯರು ಇನ್‌ಹೇಲರ್ ಕೊಟ್ಟಿದ್ದರೆ ಆಟಕ್ಕೆ ಎಷ್ಟು ಹೊತ್ತು ಮುನ್ನ ಬಳಸಬೇಕೆಂದು ಕೇಳಿಟ್ಟುಕೊಂಡು, ಅದನ್ನು ಒಳ ಅಂಗಿಯ ಜೇಬಿನಲ್ಲಿ ಬೆಚ್ಚಗಿಟ್ಟುಕೊಳ್ಳಬೇಕು. ಹೃದ್ರೋಗ, ಅಧಿಕ ರಕ್ತದೊತ್ತಡ, ಮಧುಮೇಹ ಇರುವ ಹಿರಿಯರು ವೈದ್ಯರ ಸಲಹೆಯಿಲ್ಲದೆ ಹಿಮದಲ್ಲಿ ಆಡಲು ಇಳಿಯಬಾರದು. ಚಳಿಯಿಂದ ರಕ್ತನಾಳಗಳು ಕುಗ್ಗಿ ಹೃದಯದ ಶ್ರಮ ಹೆಚ್ಚುತ್ತದೆ. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ತಗ್ಗಿದ್ದರೆ ಚಳಿ ಕಡಿದದ್ದೇ ತಿಳಿಯುವುದಿಲ್ಲ.

ಆಹಾರ ಮತ್ತು ಪಾನೀಯ

ಚಳಿಯಲ್ಲಿ ದೇಹವು ಬೆಚ್ಚಗಿರಲು ಮತ್ತು ಆಡಲು ಎರಡಕ್ಕೂ ಇಂಧನ ಬೇಡುತ್ತದೆ. ಆಟಕ್ಕೆ ಎರಡು ಮೂರು ಗಂಟೆ ಮುಂಚೆ ರೊಟ್ಟಿ, ಚಪಾತಿ, ಅನ್ನ ಅಥವಾ ಗಂಜಿಯಂತಹ ಧಾನ್ಯಾಹಾರವನ್ನು ಬೇಳೆಯೊಡನೆ ಉಣ್ಣಬೇಕು. ಲಡಾಖ್‌ನವರು ಹುರಿದ ಬಾರ್ಲಿಯ ಹಿಟ್ಟನ್ನೂ ಒಣಗಿಸಿದ ಜರ್ದಾಳು ಹಣ್ಣನ್ನೂ ಬಳಸುತ್ತಾರೆ. ನಮ್ಮ ಶೇಂಗಾ ಉಂಡೆ, ಎಳ್ಳುಂಡೆ, ಖರ್ಜೂರಗಳು ಅದೇ ಕೆಲಸವನ್ನು ಮಾಡುತ್ತವೆ. ಬಿಡುವಿನ ವೇಳೆಯಲ್ಲಿ ತಿನ್ನಲು ಇವನ್ನು ಒಳಜೇಬಿನಲ್ಲಿ ಇಟ್ಟುಕೊಳ್ಳಲಿ. ಹೊರಜೇಬಿನಲ್ಲಿಟ್ಟರೆ ಕಲ್ಲಾಗುತ್ತವೆ.

ಚಳಿಯಲ್ಲಿ ಬಾಯಾರಿಕೆ ತೋರುವುದಿಲ್ಲ, ಆದರೆ ದೇಹದ ನೀರು ಕಡಿಮೆಯಾಗುತ್ತಲೇ ಇರುತ್ತದೆ. ಬಾಯಿಯಿಂದ ಹೊರಡುವ ಆ ಬಿಳಿ ಹಬೆಯೇ ನಮ್ಮೊಳಗಿನ ನೀರು. ಅದರ ಜೊತೆಗೆ ಚಳಿಯಲ್ಲಿ ಮೂತ್ರವೂ ಹೆಚ್ಚು. ಆದುದರಿಂದ ಬಾಯಾರಿಕೆಗೆ ಕಾಯದೆ ಬೆಚ್ಚಗಿನ ನೀರನ್ನೋ ಜೀರಿಗೆ ಶುಂಠಿಯ ಕಷಾಯವನ್ನೋ ಫ್ಲಾಸ್ಕಿನಲ್ಲಿ ಒಯ್ದು ಆಗಾಗ ಗುಟುಕರಿಸಬೇಕು. ಮದ್ಯವು ಮೈ ಬೆಚ್ಚಗೆ ಮಾಡುತ್ತದೆ ಎಂಬುದು ಭ್ರಮೆ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ, ಬೆಚ್ಚಗಾದಂತೆ ತೋರಿಸಿ, ಒಳಗಿನ ಶಾಖವನ್ನು ಹೊರಕ್ಕೆ ಚೆಲ್ಲುತ್ತದೆ. ತಂಬಾಕು ಬೆರಳುಗಳ ರಕ್ತನಾಳಗಳನ್ನು ಇನ್ನಷ್ಟು ಬಿಗಿಯುತ್ತದೆ. ಎರಡೂ ಹಿಮದಲ್ಲಿ ಶತ್ರುಗಳೇ.

ಹಿಮಕಡಿತ ಮತ್ತು ಮೈ ತಣ್ಣಗಾಗುವಿಕೆ

ಚರ್ಮವು ಮೊದಲು ಚುಚ್ಚಿದಂತೆ ನೋಯುತ್ತದೆ, ಬಳಿಕ ಜುಮ್ಮೆನ್ನುತ್ತದೆ, ಆಮೇಲೆ ಮರಗಟ್ಟುತ್ತದೆ. ನೋವು ಹೋಯಿತೆಂದರೆ ಚಳಿ ಹೋಯಿತೆಂದು ಅರ್ಥವಲ್ಲ, ಅಪಾಯ ಬಂದಿತೆಂದು ಅರ್ಥ. ಬಿಳಿಯ ಚರ್ಮದವರಲ್ಲಿ ಆ ಭಾಗ ಮೇಣದಂತೆ ಬಿಳುಪಾಗುತ್ತದೆ. ನಮ್ಮಂತಹ ಕಂದುಮೈಯವರಲ್ಲಿ ಅದು ಬೂದುಬಣ್ಣಕ್ಕೆ ತಿರುಗಿ ಕಾಂತಿಹೀನವಾಗಬಹುದು, ಮುಟ್ಟಿದರೆ ಗಟ್ಟಿಯಾಗಿರಬಹುದು. ಇದೇ ಹಿಮಕಡಿತ, ವೈದ್ಯರು ಹೇಳುವ ಫ್ರಾಸ್ಟ್‌ಬೈಟ್. ನಿರ್ಲಕ್ಷಿಸಿದರೆ ಅಂಗಾಂಶ ಸತ್ತು ಬೆರಳನ್ನೇ ಕತ್ತರಿಸಬೇಕಾಗಬಹುದು.

ಇಲ್ಲಿ ನಮ್ಮ ಮನೆಯ ರೂಢಿಗಳು ಕೆಲವೊಮ್ಮೆ ಕೇಡು ತರುತ್ತವೆ. ತಣ್ಣಗಾದ ಕಾಲನ್ನು ಎಣ್ಣೆ ಹಚ್ಚಿ ತಿಕ್ಕುವುದು, ಒಲೆಯ ಮುಂದೆ ಕೈ ಕಾಯಿಸುವುದು ನಮಗೆ ಸಹಜ. ಆದರೆ ಹೆಪ್ಪುಗಟ್ಟಿದ ಅಂಗಾಂಶದಲ್ಲಿ ಹಿಮದ ಹರಳುಗಳಿರುತ್ತವೆ. ತಿಕ್ಕಿದರೆ ಅವು ಜೀವಕೋಶಗಳನ್ನು ಹರಿಯುತ್ತವೆ. ಮರಗಟ್ಟಿದ ಕೈಗೆ ಬೆಂಕಿಯ ಸುಡುವಿಕೆಯೂ ತಿಳಿಯುವುದಿಲ್ಲ. ಮೊದಲೇ ಮುಖಕ್ಕೆ ಎಣ್ಣೆ ಹಚ್ಚಿಕೊಂಡರೆ ಹಿಮಕಡಿತವಾಗದು ಎಂಬ ನಂಬಿಕೆಯೂ ಸರಿಯಲ್ಲ. ಸರಿಯಾದ ಕ್ರಮವಿಷ್ಟೆ: ಕೂಡಲೇ ಬೆಚ್ಚಗಿನ ಕೋಣೆಗೆ ಬರಬೇಕು, ಒದ್ದೆ ಬಟ್ಟೆಯನ್ನು ತೆಗೆಯಬೇಕು, ಆ ಭಾಗವನ್ನು 37ರಿಂದ 39 ಡಿಗ್ರಿಯ ನೀರಿನಲ್ಲಿ ಅದ್ದಿಡಬೇಕು. ಆ ನೀರು ಬೇರೆಯವರ ಮೊಣಕೈಗೆ ಹಿತವಾಗಿ ಬೆಚ್ಚಗೆನಿಸುವಷ್ಟಿರಬೇಕು. ಮತ್ತೆ ಚಳಿಗೆ ಹೋಗಿ ಹೆಪ್ಪುಗಟ್ಟುವ ಸಂಭವವಿದ್ದರೆ ಕರಗಿಸಲು ತೊಡಗಬಾರದು, ಮೊದಲು ಆಸ್ಪತ್ರೆ ಸೇರಬೇಕು. ಗುಳ್ಳೆ ಎದ್ದರೆ ಒಡೆಯಬಾರದು.

ದೇಹದ ಒಳಗಿನ ಉಷ್ಣತೆಯೇ 35 ಡಿಗ್ರಿಗಿಂತ ಕೆಳಗಿಳಿದರೆ ಅದು ಹೈಪೋಥರ್ಮಿಯಾ. ಮೊದಲು ತಡೆಯಲಾಗದ ನಡುಕ ಬರುತ್ತದೆ. ಬಳಿಕ ಮಾತು ತೊದಲುತ್ತದೆ, ಕಾಲು ಎಡವುತ್ತದೆ, ಕೈಯಲ್ಲಿ ಹಿಡಿದದ್ದು ಜಾರುತ್ತದೆ, ಸ್ವಭಾವ ಸಿಡುಕಾಗುತ್ತದೆ. ಬೆಚ್ಚಗಾಗದೆಯೇ ನಡುಕ ನಿಂತುಹೋದರೆ ಅದು ಗಂಭೀರ ಸ್ಥಿತಿ, ತಡಮಾಡದೆ ತುರ್ತು ಚಿಕಿತ್ಸೆ ಕೊಡಿಸಬೇಕು. ಮಕ್ಕಳ ದೇಹ ತೂಕಕ್ಕೆ ಹೋಲಿಸಿದರೆ ಹೆಚ್ಚಿನ ಮೇಲ್ಮೈ ಉಳ್ಳದ್ದು, ಆದುದರಿಂದ ದೊಡ್ಡವರಿಗಿಂತ ಬೇಗ ತಣ್ಣಗಾಗುತ್ತದೆ.

ಪರಸ್ಪರ ನೋಟ

ತನ್ನ ಮೂಗಿನ ತುದಿಯನ್ನು ಯಾರೂ ತಾನೇ ನೋಡಿಕೊಳ್ಳಲಾರರು. ಮರಗಟ್ಟಿದ ಕೆನ್ನೆಯವನಿಗೆ ತನ್ನ ಕೆನ್ನೆ ಮರಗಟ್ಟಿದ್ದು ತಿಳಿಯದು. ಮಿದುಳು ತಣ್ಣಗಾದವನಿಗೆ ತನ್ನ ಬುದ್ಧಿ ಮಂಕಾದದ್ದು ತಿಳಿಯದು. ಆದುದರಿಂದ ಹಿಮದಲ್ಲಿ ಆಡುವವರು ಜೋಡಿಜೋಡಿಯಾಗಿ ಒಬ್ಬರ ಮುಖವನ್ನು ಒಬ್ಬರು ಹತ್ತು ಹದಿನೈದು ನಿಮಿಷಗಳಿಗೊಮ್ಮೆ ನೋಡಿಕೊಳ್ಳಬೇಕು. "ನಿನ್ನ ಮೂಗು ಬಣ್ಣಗೆಟ್ಟಿದೆ" ಎಂದು ಜೊತೆಗಾರ ಹೇಳಿದರೆ ವಾದಿಸದೆ ಹೊರಬರಬೇಕು. ತಂಡವು ಸೋಲುತ್ತಿರುವಾಗ ಹೊರಬರಲು ಮಕ್ಕಳು ನಾಚುತ್ತಾರೆ, ನೋವನ್ನು ಅಡಗಿಸುತ್ತಾರೆ. ಹೊರಬಂದವನನ್ನು ಹೇಡಿಯೆನ್ನದೆ ವಿವೇಕಿಯೆನ್ನುವ ಹಿರಿಯರು ಅಂಗಳದ ಅಂಚಿನಲ್ಲಿದ್ದರೆ ಅನೇಕ ಬೆರಳುಗಳು ಉಳಿಯುತ್ತವೆ.

ಇನ್ನು ಆ ತಾಯಿಗೆ ನನ್ನ ಉತ್ತರ. ಅಮ್ಮಾ, ಮೊಮ್ಮಗನಿಗೆ ಬೇಡವೆನ್ನಬೇಡಿ. ಆಟಕ್ಕೆ ಹೊರಡುವ ಮುನ್ನ ಅವನು ಫೋನು ಮಾಡಿದರೆ ಮೂರು ಮಾತು ಕೇಳಿ. ಚೀಲದಲ್ಲಿ ಬದಲಿಸಲು ಒಣ ಒಳ ಅಂಗಿ, ಒಣ ಕಾಲುಚೀಲ ಇವೆಯೇ? ನಿನ್ನ ಮುಖವನ್ನು ನೋಡುವ ಜೊತೆಗಾರ ಯಾರು, ನೀನು ಯಾರ ಮುಖವನ್ನು ನೋಡುತ್ತೀ? ಬೆರಳು ಮರಗಟ್ಟಿದರೆ ಆಟ ಬಿಟ್ಟು ಒಳಗೆ ಬರುತ್ತೀಯಾ? ಈ ಮೂರಕ್ಕೂ ಅವನಲ್ಲಿ ಉತ್ತರವಿದ್ದರೆ, ಹರಸಿ ಕಳುಹಿಸಿ. ಆಟ ಮುಗಿದ ಮೇಲೆ ಒಣಬಟ್ಟೆ ತೊಟ್ಟು, ಬೆಚ್ಚಗೆ ಏನಾದರೂ ಕುಡಿದು, ನಿಮಗೊಂದು ಫೋನು ಮಾಡುವುದನ್ನು ಮರೆಯಬಾರದೆಂದೂ ಹೇಳಿ.